ಕಾಂಡ್ಲಾ ಕೊಂಬೆ

ಕುಂದಾಪುರದ ಹತ್ತಿರ, ಕಡಲ ದಡ
11-2-2009, ಬುಧವಾರ

ಚಿರಂಜೀವಿ ಮೋಹನನಿಗೆ,

ಸತ್ಯಮಂಗಲದಲ್ಲಿ ನೀನೂ ನಿನ್ನ ಹೆಂಡತಿ ಮಕ್ಕಳೂ ಸುಖವಾಗಿರಿ ಎಂದು ಹರಸಿ ನಿನ್ನ ಅವ್ವ ಬರೆಯುವುದು. ನಾನು ಗಟ್ಟಿಯಾಗಿದ್ದೇನೆ. ಬಂದ ದಿನವೇ ಕಾಗದ ಹಾಕುತ್ತೇನೆ ಎಂದಿದ್ದೆ, ಐದು ದಿನ ತಡವಾಯಿತು. ಅದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಹೂವಿನ ಮಂಡಿಯ ಗದ್ದಲದಲ್ಲಿ ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕೆ ಉತ್ತರ ಕೊಡುತ್ತೀಯ. ಕಾಗದವಾದರೆ ನಾನು ಮುಗಿಸುವ ತನಕ ನೀನು ಸುಮ್ಮನಿರಲೇಬೇಕು.

ನಿನ್ನ ತಂಗಿ ಅನುವಿನ ಕೆಲಸ ನಾವು ತಿಳಿದಂತೆ ಮೇಜಿನ ಮುಂದೆ ಕೂತು ಫೋನ್ ಎತ್ತುವುದಲ್ಲ. ಅದು ಮೊದಲ ವರ್ಷ ಮಾತ್ರವಂತೆ. ಈಗ ಅವಳು ರೆಸಾರ್ಟಿಗೆ ಬಂದ ಜನರನ್ನು ಹೀರೆಕಾಯಿಯಂಥ ಉದ್ದನೆಯ ಪ್ಲಾಸ್ಟಿಕ್ ದೋಣಿಗಳಲ್ಲಿ ಕೂರಿಸಿ, ಕೈಗೊಂದು ಹುಟ್ಟು ಕೊಟ್ಟು, ಹಿನ್ನೀರಿನ ಕಾಡಿನೊಳಗೆ ಕರೆದುಕೊಂಡು ಹೋಗುತ್ತಾಳೆ. ಆ ದೋಣಿಗೆ ಕಯಾಕ್ ಎನ್ನುತ್ತಾರೆ. ಆ ಕಾಡಿನ ಗಿಡಕ್ಕೆ ಇಲ್ಲಿಯವರು ಕಾಂಡ್ಲಾ ಎನ್ನುತ್ತಾರೆ. ಬೇರುಗಳು ನೀರಿನ ಮೇಲೆ ಎದ್ದು ನಿಂತಿರುತ್ತವೆ, ಗಿಡಗಳೇ ಕಾಲೆತ್ತಿ ಕೆಸರು ದಾಟುತ್ತಿರುವ ಹಾಗೆ. ಒಳಗೆ ಹೋಗಿ ಸೂರ್ಯ ಮುಳುಗುವುದನ್ನು ತೋರಿಸಿ, ಕತ್ತಲಾಗುವ ಮೊದಲು ತಿರುಗಿ ಬಂದು, ಕಡಲ ದಡದ ಮರಳಿನಲ್ಲಿ ಮೇಜು ಹಾಕಿ ಊಟ ಬಡಿಸುತ್ತಾರೆ. ನಮ್ಮ ಮನೆಯ ಹುಡುಗಿ ಮೊಣಕಾಲಿನ ಚಡ್ಡಿ ಹಾಕಿಕೊಂಡು, ಗುರುತಿಲ್ಲದ ಗಂಡಸರಿಗೆ ‘ಎಡಕ್ಕೆ ಎಳೀರಿ, ಬಲಕ್ಕೆ ಎಳೀರಿ’ ಎಂದು ಕೂಗುವುದನ್ನು ನಾನು ದಡದಲ್ಲಿ ನಿಂತು ನೋಡಿದೆ. ಅವರೂ ಶಾಲೆಯ ಮಕ್ಕಳಂತೆ ಎಳೆಯುತ್ತಿದ್ದರು.

ಗೆಟ್ಟವಾಡಿಯ ಗುರುಸ್ವಾಮಿಯವರ ಮಗ ಯೋಗೇಶನ ಸಂಬಂಧದ ವಿಷಯ ಅವಳಿಗೆ ಹೇಳಿದೆ. ಅವಳು ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ.

“ಅವ್ವಾ, ಒಂದ್ಸಲ ನನ್ ಜೊತ್ಗ ದೋಣೀಲಿ ಬಾ. ನಾನ್ ಮಾಡೋ ಕೆಲ್ಸವ ನೋಡ್ಬುಟ್ಟು ಆಮ್ಯಾಲ ಊರ್ಗ ಕರಿ. ಆಗ್ಲೂ ನೀ ಕರದ್ರ ಬತ್ತೀನಿ” ಎಂದಳು.

“ಈ ವಯಸ್ಸಿಗ ನಂಗ್ಯಾಕಮ್ಮಿ ತೊಟ್ಲು?”

“ತೊಟ್ಲಾದ್ರ ಬ್ಯಾರೇರು ತೂಗ್ತರ ಕಣವ್ವ. ಇದ್ನ ನೀನೇ ಎಳ್ಕಬೇಕು.”

ಒಪ್ಪಿದೆ. ನೋಡಿ ಬಂದು ಕರೆಯುವುದು ತಾನೆ, ಅದಕ್ಕೇನು ಕಷ್ಟ ಎಂದುಕೊಂಡೆ.

ಸೋಮವಾರ ಭಾರತ ಹುಣ್ಣಿಮೆ. ಸಂಜೆ ಐದಕ್ಕೆ ಹೊರಟೆವು. ಮೂರು ದೋಣಿ. ಮುಂದಿನದರಲ್ಲಿ ಅನು ಒಬ್ಬಳೇ. ನಡುವಿನದರಲ್ಲಿ ನಾನು ಮತ್ತು ಕೊಯಮತ್ತೂರಿನ ಕನಕವಲ್ಲಿ ಎಂಬ ಹೆಂಗಸು. ಹಿಂದಿನದರಲ್ಲಿ ಆಕೆಯ ಗಂಡ, ಮೈದುನ. ಸೂರ್ಯ ಮುಳುಗುವ ತನಕ ಎಲ್ಲವೂ ಸರಿಯಾಗಿತ್ತು. ತಿರುಗಿ ಬರುವಾಗ ಗಂಡಸರ ದೋಣಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ಅನು ನಮ್ಮನ್ನು ಬಿಟ್ಟು ಅವರ ಕಡೆ ಹೋದಳು. ಅವಳು ಬರುವಷ್ಟರಲ್ಲಿ ನೀರು ನಮ್ಮನ್ನು ಎಲ್ಲಿಗೋ ಒಯ್ದಿತ್ತು. ಒಂದು ಗಂಟೆಗೂ ಮೇಲೆ ಆ ಬೇರುಗಳ ನಡುವೆ ಇದ್ದೆವು. ಕನಕವಲ್ಲಿಯ ಪಾದ ಹರಿದು ಎಂಟು ಹೊಲಿಗೆ ಬಿತ್ತು. ನಾನು ಧೈರ್ಯ ಹೇಳಿ ಆಕೆಯನ್ನು ಉಳಿಸಿಕೊಂಡೆ. ಎಂಟು ಗಂಟೆಯ ಹೊತ್ತಿಗೆ ನಾಗು ಖಾರ್ವಿ ಎಂಬ ಮೀನುಗಾರ ಲಾಟೀನು ಹಿಡಿದು ಹುಡುಕಿ ಬಂದ.

ತಪ್ಪು ತನ್ನದೆಂದು ಅನು ಎಲ್ಲರ ಮುಂದೆ ಒಪ್ಪಿಕೊಂಡಿದ್ದಾಳೆ. ಅವಳನ್ನು ನೀರಿಗೆ ಇಳಿಯಬೇಡ ಎಂದಿದ್ದಾರೆ. ಶುಕ್ರವಾರ ರೆಸಾರ್ಟಿನ ಧಣಿ ಬಂದು ತೀರ್ಮಾನ ಮಾಡುತ್ತಾರೆ. ಕೆಲಸ ಹೋದಂತೆಯೇ ಎಂದು ಮ್ಯಾನೇಜರು ಹೇಳಿದರು. ನಾನು ಕರೆಯುವ ಅಗತ್ಯವೂ ಬೀಳಲಿಲ್ಲ. ಭಾನುವಾರ ಗುರುಸ್ವಾಮಿಯವರನ್ನು ನಮ್ಮ ದೊಡ್ಡಗಾಜನೂರಿಗೆ ಕರೆದುಕೊಂಡು ಬಾ. ಹುಡುಗಿ ಮನೆಯಲ್ಲಿರುತ್ತಾಳೆ. ನಿನ್ನ ತಮ್ಮ ಸಿದ್ದೇಶನಿಗೆ ಜಗಲಿ ಸಾರಿಸಲು ಹೇಳು, ಬಾಳೆತೋಟದಲ್ಲಿ ಆನೆ ಕಾಯುತ್ತಿದ್ದೆ ಎಂಬ ನೆಪ ಈ ಸಲ ನಡೆಯುವುದಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಅವ್ವ
ಮಲ್ಲಿಗಮ್ಮ


ದೊಡ್ಡಗಾಜನೂರು
18-2-2009, ಬುಧವಾರ

ಮೋಹನ,

ನಿನಗೆ ಅವ್ವನ ಆಶೀರ್ವಾದ. ಭಾನುವಾರ ನೀನು ಹೊಸಿಲಲ್ಲಿ ನಿಂತು ಕೂಗಿ ಹೋಗಿ ಮೂರು ದಿನವಾಯಿತು. ಅಂದೇ ರಾತ್ರಿ ಬರೆಯಬೇಕಿತ್ತು. ಬರೆಯಲು ಕೂತು ಎದ್ದೆ. ನಿನ್ನ ಮೂರು ಫೋನನ್ನೂ ಎತ್ತಲಿಲ್ಲ. ತಡ ಮಾಡಿದ್ದಕ್ಕೆ ಕ್ಷಮಿಸು. ಈ ಮಾತನ್ನು ನಿನಗೆ ನಾನು ಹೇಳುತ್ತಿರುವುದು ಇದೇ ಮೊದಲು ಎಂದು ನನಗೂ ಗೊತ್ತು.

“ನಾಕ್ ಜನರ ಮುಂದ ನನ್ ಮಾನ ಕಳದ್ಬುಟ್ಟೆ ಕಣವ್ವ! ಉಡುಗಿ ಎಲ್ಲಿ ಅಂದ್ರ ಬರದಿಲ್ಲ ಅಂತೀಯ. ಯಾಕ ಅಂತ ಬಾಯ್ಬುಟ್ಟು ಯೋಳು!” ಎಂದೆ ನೀನು. ಗುರುಸ್ವಾಮಿಯವರು ಎದ್ದು ಹೋಗುವಾಗ, “ಉಡುಗಿ ನೋಡಕ ಬಂದ್ರ ನಿಮ್ಮಟ್ಟಿ ಕಾಪೀನೇ ನೋಡ್ಬುಟ್ಟು ಓಯ್ತಾ ಇದ್ದೀವಿ” ಎಂದದ್ದೂ ಒಳಗೆ ನನಗೆ ಕೇಳಿಸಿತು. ನಾನು ಹೊರಗೆ ಬರಲಿಲ್ಲ. ಯಾಕೆ ಎಂದು ಈಗ ಹೇಳುತ್ತೇನೆ. ಪೂರ್ತಿ ಓದು.

ಹಿಂದಿನ ಕಾಗದದಲ್ಲಿ ನಾನು ಸುಳ್ಳು ಬರೆದಿದ್ದೆ. ನೀರು ನಮ್ಮನ್ನು ಒಯ್ಯಲಿಲ್ಲ. ನಾನೇ ಹೋದೆ.

ಗಂಡಸರ ದೋಣಿ ಸಿಕ್ಕಿಕೊಂಡಾಗ ಅನು ನಮ್ಮನ್ನು ಹಾಗೆಯೇ ಬಿಟ್ಟು ಹೋಗಲಿಲ್ಲ. ನಮ್ಮ ದೋಣಿಯನ್ನು ಒಂದು ದಪ್ಪನೆಯ ಕಾಂಡ್ಲಾ ಕೊಂಬೆಯ ಪಕ್ಕಕ್ಕೆ ತಂದು, ನನ್ನ ಕೈ ಹಿಡಿದು ಆ ಕೊಂಬೆಯ ಮೇಲೆ ಇಟ್ಟಳು. “ಅವ್ವಾ, ಇದ್ನ ಇಡ್ಕೊ. ನಾ ಬರಗಂಟ ಬುಡಬ್ಯಾಡ. ಕತ್ಲಾದ್ರೂ ಬುಡಬ್ಯಾಡ” ಎಂದಳು. ಅದನ್ನೇ ತಮಿಳಿನಲ್ಲಿ ಕನಕವಲ್ಲಿಗೂ ಹೇಳಿದಳು. ನಾನು, “ಆಯ್ತು ಓಗಮ್ಮಿ, ನಾನೇನ್ ಕೂಸಾ?” ಎಂದೆ.

ಕಾಲು ಗಂಟೆ ಹಿಡಿದುಕೊಂಡೆ. ಬೆಳಕು ಹೋಯಿತು. ಹುಣ್ಣಿಮೆಯಾದರೇನು, ಆ ಗಿಡಗಳ ಕೆಳಗೆ ಚಂದ್ರ ಇಳಿಯುವುದಿಲ್ಲ. ಅವರ ಮಾತು ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಕೇಳಿಸುತ್ತಿತ್ತು, ಆಮೇಲೆ ನಿಂತೇ ಹೋಯಿತು. ಬೇರಿನ ಸಂದುಗಳಲ್ಲಿ ಏನೋ ಚಿಟಿಚಿಟಿ ಎನ್ನುತ್ತಿತ್ತು. ಕನಕವಲ್ಲಿ ಅಳಲು ಶುರು ಮಾಡಿದಳು. ನಾನು ಕೂಗಿದೆ, ಉತ್ತರವಿಲ್ಲ. ಒಂದು ಕೊಂಬೆ ಹಿಡಿದು, ಯಾರಾದರೂ ಬಂದು ಬಿಡಿಸಲಿ ಎಂದು ಕಾಯುವುದು ನನ್ನಿಂದ ಆಗದ ಕೆಲಸ. ಅದು ನಿನಗೂ ಗೊತ್ತು.

ನೀನು ಹುಟ್ಟುವ ಮೊದಲು, ಸೀಗೆಕಾಯಿಗೆ ಹೋದ ಏಳು ಹೆಂಗಸರು ಕಾಡಿನಲ್ಲಿ ದಾರಿ ತಪ್ಪಿದಾಗ, ಹಳ್ಳ ಹಿಡಿದು ಅವರನ್ನು ಊರಿಗೆ ನಡೆಸಿಕೊಂಡು ಬಂದವಳು ನಾನು. ನಮ್ಮ ಬೆಟ್ಟದ ಹಳ್ಳ ಮಳೆಗಾಲವಾಗಲಿ ಬೇಸಿಗೆಯಾಗಲಿ ಒಂದೇ ಕಡೆ ಹರಿಯುತ್ತದೆ. ಅದರ ಜೊತೆ ಇಳಿದರೆ ಊರು ಸಿಕ್ಕೇ ಸಿಗುತ್ತದೆ. ಆ ಏಳು ಜನರಲ್ಲಿದ್ದ ಚಿಕ್ಕಬಸಮ್ಮ ಈಗಲೂ ಮದುವೆ ಮನೆಗಳಲ್ಲಿ ಆ ಕಥೆ ಹೇಳುತ್ತಾಳೆ. ಪ್ರತಿ ಸಲವೂ ಒಬ್ಬೊಬ್ಬ ಹೆಂಗಸನ್ನು ಸೇರಿಸುತ್ತಾಳೆ, ಈಗ ಅದು ಹನ್ನೊಂದಕ್ಕೆ ಬಂದಿದೆ. ನಾನು ತಿದ್ದುವುದಿಲ್ಲ.

ಆ ಸಂಜೆ ಒಳಗೆ ಹೋಗುವಾಗ ನೀರು ನಮಗೆ ಎದುರಾಗಿ, ಕಡಲಿನ ಕಡೆಗೆ ಹರಿಯುತ್ತಿದ್ದುದನ್ನು ನಾನು ಗಮನಿಸಿದ್ದೆ. ಹಾಗಾದರೆ ಈಗ ನೀರು ಹೋಗುವ ಕಡೆ ಹೋದರೆ ಹೊರಟ ಜಾಗವೇ ಸಿಗಬೇಕಲ್ಲ? ಕೈ ಅದ್ದಿ ನೋಡಿದೆ. ನೀರು ಹೋಗುತ್ತಿತ್ತು. “ಅಳಬೇಡಮ್ಮ, ನಾನು ಕಾಡಿನವಳು, ನನಗೆ ದಾರಿ ಗೊತ್ತು” ಎಂದು ಕನಕವಲ್ಲಿಗೆ ತಮಿಳಿನಲ್ಲಿ ಹೇಳಿದೆ. “ಆ ಹುಡುಗಿ ಬಿಡಬೇಡಿ ಅಂದಳಲ್ಲ ಅಕ್ಕಾ” ಎಂದಳು ಆಕೆ. “ಆ ಹುಡುಗಿಯನ್ನು ಹೆತ್ತವಳು ನಾನು” ಎಂದು ಹೇಳಿ ಕೊಂಬೆ ಬಿಟ್ಟೆ.

ಮೋಹನ, ಅಲ್ಲಿ ನೀರು ತಿರುಗುತ್ತದೆ. ಕಡಲು ಇಳಿಯುವಾಗ ಹೊರಗೆ ಹರಿದದ್ದು, ಕಡಲು ಏರುವಾಗ ಒಳಗೆ ಹರಿಯುತ್ತದೆ. ನಾವು ಸೂರ್ಯನನ್ನು ನೋಡುತ್ತಾ ಕೂತಿದ್ದಾಗಲೇ ಅದು ತಿರುಗಿತ್ತು. ನಾನು ಎಷ್ಟು ಜೋರಾಗಿ ಹುಟ್ಟು ಹಾಕಿದೆನೋ ಅಷ್ಟು ಕಾಡಿನ ಒಳಕ್ಕೆ ಹೋದೆವು. ಕೊನೆಗೆ ದೋಣಿ ಬೇರುಗಳಲ್ಲಿ ಸಿಕ್ಕಿ ನಿಂತಿತು. ತಳ್ಳಲೆಂದು ಕನಕವಲ್ಲಿ ಕೆಳಗಿಳಿದಳು, ಇಳಿಯೆಂದದ್ದೂ ನಾನೇ. ಬೇರಿಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಇದ್ದವು. ಆಕೆಯ ಚೀರಾಟ ಕೇಳಿಯೇ ನಾಗು ಖಾರ್ವಿ ನಮ್ಮನ್ನು ಪತ್ತೆ ಮಾಡಿದ್ದು. ಅವನು ಲಾಟೀನು ಎತ್ತಿ ನಮ್ಮ ಮುಖ ನೋಡಿ, “ಎಂತ ಮಾರಾಯ್ರೆ, ನೀವು ಇಲ್ಲಿ ತನಕ ಹೆಂಗೆ ಬಂದ್ರಿ? ನಂಗೇ ಈ ಜಾಗ ಕಂಡು ಎರಡು ವರ್ಷ ಆಯ್ತು!” ಎಂದ. ದಡಕ್ಕೆ ಬಂದಾಗ ಅನು ಸೊಂಟದ ತನಕ ಕೆಸರಾಗಿ ನಿಂತಿದ್ದಳು. ಕೂಗಿ ಕೂಗಿ ಗಂಟಲು ಹೋಗಿತ್ತು. ನನ್ನನ್ನು ಮುಟ್ಟಿ ಮುಟ್ಟಿ ನೋಡಿದಳು.

ಮರಳಿನ ಮೇಲೆ ಮೇಜುಗಳನ್ನು ಹಾಕಿ ದೀಪ ಇಟ್ಟಿದ್ದರು. ಅವರಿಗೆ ಮೀನು. ನನಗೆಂದು ಅನು ಮಧ್ಯಾಹ್ನವೇ ಅಡುಗೆಮನೆಗೆ ಹೋಗಿ ತನ್ನ ಕೈಯಾರೆ ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಮಾಡಿಟ್ಟಿದ್ದಳು. ಕನಕವಲ್ಲಿಯನ್ನು ಹೊಲಿಗೆ ಹಾಕಿಸಿ ಕರೆತಂದು ಕೂರಿಸಿದರು. ಆಕೆಯ ಗಂಡ ಕೂಗಾಡುತ್ತಿದ್ದ. ಮ್ಯಾನೇಜರು ಅನುವನ್ನು ಕರೆದು, “ಅತಿಥಿಗಳನ್ನು ಬಿಟ್ಟು ಹೋಗುವಾಗ ಏನು ಹೇಳಿ ಹೋದೆ?” ಎಂದು ಕೇಳಿದರು.

“ಕೊಂಬೆ ಬಿಡಬೇಡಿ, ನಾನು ಬರುವ ತನಕ ಅಲ್ಲೇ ಇರಿ ಎಂದು ಹೇಳಿದೆ ಸಾರ್.”

ಮ್ಯಾನೇಜರು ನನ್ನ ಕಡೆ ತಿರುಗಿದರು. “ಹೌದಾ ಅಮ್ಮಾ? ಹೇಳಿದ್ಲಾ?”

ಹತ್ತು ಜನ ನನ್ನನ್ನೇ ನೋಡುತ್ತಿದ್ದರು. ಹೇಳಿದ್ದಳು, ನಾನೇ ಕೇಳಲಿಲ್ಲ, ನನಗೆ ನೀರಿನ ದಾರಿ ತಿಳಿಯಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. “ನಂಗ ಕೇಳಿಸ್ನಿಲ್ಲ” ಎಂದೆ.

ಅನು ನನ್ನನ್ನು ನೋಡಿದಳು. ಆಮೇಲೆ ಮ್ಯಾನೇಜರ ಕಡೆ ತಿರುಗಿ, “ನಾನು ಹೇಳಲಿಲ್ಲ ಸಾರ್. ಗಾಬರಿಯಲ್ಲಿ ಮರೆತೆ. ತಪ್ಪು ನನ್ನದೇ” ಎಂದಳು.

ನಾನು ಊಟ ಬಿಟ್ಟು ಎದ್ದೆ ಎಂದು ನೀನು ತಿಳಿಯಬೇಡ. ಹಸಿವಾಗಿತ್ತು. ಮುದ್ದೆ ಉಂಡೆ.

ಮಂಗಳವಾರ, ಬುಧವಾರ ಅನು ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಎದ್ದು ದೋಣಿ ತೊಳೆಯುತ್ತಿದ್ದಳು. ತನ್ನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಬುಧವಾರ ಅವಳ ಕೋಣೆಯಲ್ಲಿ, ಆ ಚೀಲದ ಪಕ್ಕದಲ್ಲೇ ಕೂತು ನಾನು ನಿನಗೆ ಹಿಂದಿನ ಕಾಗದ ಬರೆದೆ.

ಗುರುವಾರ ಕೊಯಮತ್ತೂರಿನವರು ಹೊರಟರು. ಗಂಡ ಅನುವಿನ ಮೇಲೆ ದೂರು ಬರೆದು ಕೊಟ್ಟಿದ್ದ. ಕನಕವಲ್ಲಿ ಕುಂಟುತ್ತಾ ನನ್ನ ಹತ್ತಿರ ಬಂದು, ಕಾಲಿಗೆ ಪಟ್ಟಿ ಕಟ್ಟಿಕೊಂಡವಳು, ಕಷ್ಟಪಟ್ಟು ಬಗ್ಗಿ ನನ್ನ ಪಾದ ಮುಟ್ಟಿದಳು. ನೀವು ಜೊತೆಗೆ ಇರದಿದ್ದರೆ ನಾನು ಅವತ್ತು ಉಳಿಯುತ್ತಿರಲಿಲ್ಲ ಎಂದಳು. ಅನು ದೋಣಿಯ ಪಕ್ಕ ಪೊರಕೆ ಹಿಡಿದು ನಿಂತು ನೋಡುತ್ತಿದ್ದಳು. ನಾನು ಎಷ್ಟು ಜನರ ಕೈಲಿ ಕಾಲು ಮುಟ್ಟಿಸಿಕೊಂಡಿಲ್ಲ? ಅವತ್ತು ಮಾತ್ರ ಆ ಬೆರಳು ತಾಗಿದ ಜಾಗ ಉರಿಯಿತು. ಮಾರನೆಯ ದಿನದ ತನಕ ಉರಿಯಿತು.

ಶುಕ್ರವಾರ ಧಣಿ ಬಂದರು. ಅನುವನ್ನು ಒಳಗೆ ಕರೆದಾಗ ಹಿಂದೆಯೇ ನಾನೂ ಹೋದೆ. “ಅವ್ವಾ, ನೀ ಆಚ್ಗಿರು” ಎಂದಳು. ಧಣಿ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

“ಕೊಂಬ ಬುಡಬ್ಯಾಡ ಅಂತ ನನ್ ಮಗ್ಳು ಯೋಳಿದ್ಲು ಸಾಮಿ. ನಂಗ ಕೇಳಿಸ್ತು. ಬುಟ್ಟವ್ಳು ನಾನು. ನೀರ್ ಜೊತ್ಗ ಓದ್ರ ಊರು ಸಿಕ್ತದ ಅಂತ ಓದಿ. ಸೋಮವಾರದಿಂದ ಸುಳ್ಳೇಳ್ತಾ ಇವ್ನಿ.”

ಮ್ಯಾನೇಜರು ನಕ್ಕರು. “ತಾಯಿ ಕರುಳು ಸಾರ್. ಮಗಳ ಕೆಲಸ ಹೋಗ್ತದೆ ಅಂತ ಈಗ ಬಂದು ಹೇಳ್ತಿದ್ದಾರೆ. ಅವತ್ತು ಎಲ್ಲರೆದುರು ಕೇಳಿಸಲಿಲ್ಲ ಅಂದವರೂ ಇವರೇ.”

ಧಣಿ ಮೆಲ್ಲಗೆ ಕೇಳಿದರು: “ಅಮ್ಮಾ, ನಾನು ಯಾವುದನ್ನು ನಂಬಲಿ? ಸೋಮವಾರದ ಮಾತನ್ನೋ, ಇವತ್ತಿನದನ್ನೋ?”

ನಿಮ್ಮಪ್ಪ ಹೋದ ಮೇಲೆ ಇಪ್ಪತ್ತು ವರ್ಷ, ನಮ್ಮ ಜಗಲಿಯಲ್ಲಿ ನಾನು ಆಡಿದ ಮಾತನ್ನು ತಾಳವಾಡಿಯ ಪಂಚಾಯಿತಿ ಆಫೀಸಿನವರೂ ಎರಡನೇ ಸಲ ಕೇಳಿದವರಲ್ಲ. ಮೊದಲ ಬಾರಿಗೆ ನಾನು ಪೂರಾ ನಿಜ ಹೇಳಿ ನಿಂತಿದ್ದೆ, ನಂಬುವವರಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡಲೂ ನನಗೆ ಹಕ್ಕಿರಲಿಲ್ಲ. ಅನು ನೆಲ ನೋಡುತ್ತಾ, “ಬುಡವ್ವ, ಸಾಕು. ಓಗಮ” ಎಂದಳು.

“ಸುಮ್ನಿರಮ್ಮಿ” ಎಂದೆ. ಕನಕವಲ್ಲಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಇಡಿ ಎಂದು ಧಣಿಯನ್ನು ಕೇಳಿದೆ. ಹಚ್ಚಿದರು. ಧಣಿಗೆ ತಮಿಳು ತಿಳಿಯುತ್ತದೆ. ಆಕೆಗೆ ತಮಿಳಿನಲ್ಲಿ ಹೇಳಿದೆ: “ತಂಗೀ, ನೀನು ನನ್ನ ಕಾಲು ಮುಟ್ಟಿದ್ದೀಯ. ನಾನು ಅದಕ್ಕೆ ತಕ್ಕವಳಲ್ಲ. ಕೊಂಬೆ ಬಿಡಬೇಡಿ ಎಂದು ನನ್ನ ಮಗಳು ಹೇಳಿದ್ದಳೋ ಇಲ್ಲವೋ? ಬಿಟ್ಟದ್ದು ಯಾರು? ನನಗಾಗಿ ಏನನ್ನೂ ಮುಚ್ಚಬೇಡ.”

ಮ್ಯಾನೇಜರು ಫೋನ್ ಇಡಲು ಕೈ ಚಾಚಿದರು. ಆಗ ಆಕೆ ಹೇಳಿದಳು: “ಹೇಳಿದ್ದಳು ಅಕ್ಕಾ. ಎರಡು ಸಲ ಹೇಳಿದ್ದಳು. ಬಿಟ್ಟದ್ದು ನೀವು. ಅವತ್ತು ಊಟದ ಹತ್ತಿರ ದೊಡ್ಡವರಾದ ನೀವೇ ಕೇಳಿಸಲಿಲ್ಲ ಅಂದಿರಿ. ನಾನು ನಿಮ್ಮ ಎದುರು ಹೇಗೆ ಮಾತಾಡಲಿ?”

ಅನುವಿನ ಕೆಲಸ ಉಳಿಯಿತು. ಹಗ್ಗದಿಂದ ದೋಣಿ ಕಟ್ಟದೆ ಹೋದದ್ದು ಅವಳ ತಪ್ಪೇ ಎಂದು ಧಣಿ ಹೇಳಿದರು. ಅದಕ್ಕೆ ಒಂದು ತಿಂಗಳು ನಾಗು ಖಾರ್ವಿಯ ದೋಣಿಯ ಹಿಂದೆಯೇ ಹೋಗಬೇಕು, ಒಬ್ಬಳೇ ಯಾರನ್ನೂ ಕರೆದೊಯ್ಯುವಂತಿಲ್ಲ. ಅದು ನ್ಯಾಯ.

ಅವಳ ಕೆಲಸವನ್ನು ನೋಡಿದ ಮೇಲೂ ನಾನು ಕರೆದರೆ ಬರುತ್ತೇನೆ ಎಂದಿದ್ದಳಲ್ಲ, ನಾನು ಕರೆಯಲಿಲ್ಲ. ಶನಿವಾರ ಒಬ್ಬಳೇ ಬಸ್ಸು ಹತ್ತಿದೆ. ಇದಿಷ್ಟನ್ನು ಭಾನುವಾರ ಗುರುಸ್ವಾಮಿಯವರ ಮುಂದೆ ಹೇಳುವ ಧೈರ್ಯ ನನಗೆ ಇರಲಿಲ್ಲ, ನೀನು ಅವಮಾನ ಪಡಬೇಕಾಯಿತು. ನಾಳೆ ಸಿದ್ದೇಶನ ಜೊತೆ ಗೆಟ್ಟವಾಡಿಗೆ ಹೋಗಿ, ಹುಡುಗಿಗೆ ಈಗ ಮದುವೆಯ ಮನಸ್ಸಿಲ್ಲ, ಬರಹೇಳಿದ ತಪ್ಪು ನನ್ನದು, ಮೋಹನನದಲ್ಲ ಎಂದು ನಾನೇ ಹೇಳಿ ಬರುತ್ತೇನೆ. ನೀನು ಆ ವಿಷಯ ಇನ್ನು ಎತ್ತಬೇಡ. ಅನುವಿಗೆ ಫೋನ್ ಮಾಡಿ ಬೈಯಲೂ ಬೇಡ.

ಹೂವಿನ ಧಾರಣೆ ಏರಿದೆ ಎಂದು ಸಿದ್ದೇಶ ಹೇಳಿದ. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಮನೆ ತಂಪಾಗಿರಲಿ, ಮಕ್ಕಳು ನಿನಗಿಂತ ಬಾಯಿಗಟ್ಟಿಯಾಗಿ ಬೆಳೆಯಲಿ.

ನಿನ್ನ ಅವ್ವ
ಮಲ್ಲಿಗಮ್ಮ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ಕೇಳಿಸಲಿಲ್ಲ ಎಂದದ್ದು ನಾಚಿಕೆಯಿಂದ ಎಂದು ಮೇಲೆ ಬರೆದೆ. ನಾಚಿಕೆ ಇತ್ತು. ಆದರೆ ಆ ಮಾತು ಬಾಯಿಂದ ಹೊರಟ ಕೂಡಲೇ, ಇನ್ನು ಇವಳಿಗೆ ಇಲ್ಲಿ ಜಾಗವಿಲ್ಲ, ನನ್ನ ಹಿಂದೆ ಮನೆಗೆ ಬರಲೇಬೇಕು ಎಂದು ನನಗೆ ಸಂತೋಷವಾಯಿತು. ಅದು ನನ್ನ ಮುಖದಲ್ಲಿ ಕಂಡಿರಬೇಕು. ಅನು ಅದನ್ನು ನೋಡಿದ ಮೇಲೆಯೇ ‘ನಾನು ಹೇಳಲಿಲ್ಲ ಸಾರ್’ ಎಂದದ್ದು. ನನ್ನ ಮಾನ ಉಳಿಸಲು ಹೇಳಿದಳು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅಲ್ಲ. ನನಗೆ ಏನು ಬೇಕಿತ್ತೋ ಅದನ್ನು ನನ್ನ ಕೈಗೆ ಕೊಟ್ಟು ಬಿಟ್ಟಳು. ಶನಿವಾರ ಬಸ್ಸಿನ ಕಿಟಕಿಯ ಹತ್ತಿರ ನಿಂತು, “ಅವ್ವಾ, ಅವತ್ತು ನಿಂಗ ಕುಸಿ ಆಯ್ತಲ್ವಾ?” ಎಂದು ಕೇಳಿದಳು. “ಇಲ್ಲ ಕಣಮ್ಮಿ” ಎಂದೆ. ಧಣಿಯ ಮುಂದೆ ಅಷ್ಟೆಲ್ಲ ಹೇಳಿ ಬಂದವಳು, ಮಗಳ ಮುಂದೆ ಮತ್ತೆ ಸುಳ್ಳು ಹೇಳಿದೆ. ಅವಳಿಗೆ ಬರೆಯಲು ಕೂತರೆ ಕೈ ಬರುತ್ತಿಲ್ಲ. ನೀನು ಓದಿದ ಮೇಲೆ ಈ ಕಾಗದವನ್ನು ಅವಳಿಗೆ ಕಳಿಸು. ಅವ್ವನ ಮರ್ಯಾದೆ ಎಂದುಕೊಂಡು ಈ ಕೊನೆಯ ಹಾಳೆಯನ್ನು ತೆಗೆದಿಟ್ಟುಕೊಳ್ಳಬೇಡ.